ಇನ್ನೂರ ಎಪ್ಪತ್ತನಾಲ್ಕರ ಚೀಟಿ

ಮಫ್ಲರು ಹೆಣೆದು ಮುಗಿದು ಮೂರು ವಾರವಾಗಿತ್ತು, ಅದನ್ನು ಸುತ್ತಿಕೊಳ್ಳಬೇಕಾದ ಕುತ್ತಿಗೆ ಮಾತ್ರ ಸಿಕ್ಕಿರಲಿಲ್ಲ. ಹಸಿರು ಉಲ್ಲನ್ನಿನದು, ಎರಡು ಉಂಡೆ ಪೂರ್ತಿ ಹಿಡಿದದ್ದು. ಅತ್ತೆ ಅದನ್ನು ಹಳೇ ಪೇಪರಿನಲ್ಲಿ ಸುತ್ತಿ ದಿನಾ ಬೆಳಿಗ್ಗೆ ಸೊಸೆಯ ಊಟದ ಡಬ್ಬಿಯ ಪಕ್ಕ ಇಡುತ್ತಿದ್ದರು. ದಿನಾ ಸಂಜೆ ಅದು ಹೋದ ಹಾಗೆಯೇ ವಾಪಸು ಬರುತ್ತಿತ್ತು.

"ಇವತ್ತೂ ಸಿಗಲಿಲ್ವೇನೇ ಆ ಪುಣ್ಯಾತ್ಮ?"

"ಇಲ್ಲ ಅತ್ತೆ. ಡೆಸ್ಕಿನಲ್ಲಿರೋ ಮೂವರನ್ನೂ ಕೇಳ್ದೆ. ನಾನಲ್ಲ, ನಾನಲ್ಲ ಅಂತಾರೆ."

"ಅದೆಂಥ ಆಫೀಸೇ ನಿಮ್ದು! ಕೆಟ್ಟದ್ದು ಮಾಡಿದವನು ನಾನಲ್ಲ ಅಂತಾನೆ, ಸರಿ. ಒಳ್ಳೇದು ಮಾಡಿದವನೂ ನಾನಲ್ಲ ಅಂದ್ರೆ ಏನು ಹೇಳೋಣ?"

ಆಫೀಸು ಎಂದರೆ ಲಿಫ್ಟುಗಳನ್ನು ನೋಡಿಕೊಳ್ಳುವ ಕಂಪನಿ. ಊರಿನ ಮುನ್ನೂರು ಚಿಲ್ಲರೆ ಕಟ್ಟಡಗಳ ಲಿಫ್ಟುಗಳಿಗೆ ಎಣ್ಣೆ ಹಾಕುವುದು, ಹಗ್ಗ ಬದಲಿಸುವುದು, ನಡುವೆ ನಿಂತರೆ ಒಳಗಿದ್ದವರನ್ನು ಹೊರಗೆ ತೆಗೆಯುವುದು ಅದರ ಕೆಲಸ. ಸೊಸೆಯ ಪಾಲಿಗೆ ಬಂದದ್ದು ಅಲ್ಲಿನ ಫೋನುಗಳು. ಯಾವ ನಂಬರಿಗೆ ಬಂದ ಕರೆ ಯಾವ ಮೇಜಿನಲ್ಲಿ ಮೊಳಗಬೇಕು ಎಂದು ತಾಳೆ ಹಾಕಿ ಕಂಪ್ಯೂಟರಿಗೆ ಹೇಳಿಕೊಡುವವಳು ಅವಳು. ಹಾಗಾಗಿ ಆಫೀಸಿನಲ್ಲಿ ಅವಳನ್ನು ಎಲ್ಲರೂ ನಂಬರಕ್ಕ ಎಂದೇ ಕರೆಯುತ್ತಿದ್ದರು. ಮನೆಯವರ ಹುಟ್ಟಿದ ದಿನ ಮರೆಯುತ್ತಾಳೆ, ಎಕ್ಸ್‌ಟೆನ್ಷನ್ ಮರೆಯುವುದಿಲ್ಲ ಎಂದು ಗಂಡ ಛೇಡಿಸುತ್ತಿದ್ದ.

ಎರಡು ತಿಂಗಳ ಹಿಂದೆ ಅತ್ತೆ ಮಂಡಿನೋವಿಗೆ ತೋರಿಸಲು ಕ್ಲಿನಿಕ್ಕಿಗೆ ಹೋಗಿದ್ದರು. ಅಲ್ಲಿನ ಲಿಫ್ಟೂ ಇದೇ ಕಂಪನಿಯ ಪಾಲಿನದು. ಎರಡನೆಯ ಮಹಡಿ ದಾಟಿದ ಲಿಫ್ಟು ಮೂರನೆಯದನ್ನು ಮುಟ್ಟಲಿಲ್ಲ. ದೀಪವೂ ಆರಿತು. ಒಳಗೆ ಅವರೊಬ್ಬರೇ. ಜೀವ ಬಾಯಿಗೆ ಬಂದು, ಕತ್ತಲಲ್ಲಿ ತಡಕಾಡಿ ಕೆಂಪು ಗುಂಡಿ ಒತ್ತಿದಾಗ ಗೋಡೆಯ ತೂತುಗಳಿಂದ ಒಂದು ಗಂಡುದನಿ ಬಂತು. "ಹೆದರ್ಬೇಡಿ ಅಮ್ಮಾ, ನಾನಿದ್ದೀನಿ. ಹುಡುಗರು ಹೊರಟ್ರು." ಅತ್ತೆ ಅತ್ತರು. ಆ ದನಿ ಅಳಬೇಡಿ ಎನ್ನಲಿಲ್ಲ, ಕೈಯಲ್ಲಿ ಏನಿದೆ ಎಂದು ಕೇಳಿತು. ಚೀಲದಲ್ಲಿ ಉಲ್ಲನ್ನು ಇದೆ ಎಂದರು. "ನನ್ನ ರೂಮು ಕೊರೆಯುತ್ತೆ ಅಮ್ಮಾ, ಮಫ್ಲರಿಗೆ ಎಷ್ಟು ಉಂಡೆ ಬೇಕಾಗುತ್ತೆ?" ಹೆಣಿಗೆಯ ವಿಷಯದಲ್ಲಿ ಕೇಳಿದವರಿಗೆ ಅರ್ಧ ಉತ್ತರ ಕೊಟ್ಟು ಗೊತ್ತಿಲ್ಲದವರು ಅತ್ತೆ. ಬಾಗಿಲು ತೆರೆದಾಗ ಇನ್ನೂ ಅಂಚು ಕಟ್ಟುವುದನ್ನು ಹೇಳುವುದು ಬಾಕಿ ಇತ್ತಂತೆ, ಇವರಿಗೇ ಬೇಜಾರಾಯಿತಂತೆ.

ಅಂದಿನಿಂದ ದೀಪ ಹಚ್ಚುವಾಗಲೆಲ್ಲ "ಅವನ ಹೊಟ್ಟೆ ತಣ್ಣಗಿರಲಿ" ಎಂಬ ಒಂದು ಮಾತು ಸೇರಿಕೊಂಡಿತು. ನೋಯುವ ಬೆರಳಲ್ಲೇ ಮಫ್ಲರು ಹೆಣೆದರು. ನಂಬರಕ್ಕನಿಗೂ ಒಳಗೊಳಗೆ ಹೆಮ್ಮೆ. ಹಳೇ ಪೆಟ್ಟಿಗೆ ಕಿತ್ತು ಹೊಸ ಫೋನ್ ವ್ಯವಸ್ಥೆ ಕೂರಿಸಿ ಆಗ ಬರೀ ಒಂದು ತಿಂಗಳು. ತಾನು ಕೂರಿಸಿದ್ದು ತನ್ನ ಅತ್ತೆಯನ್ನೇ ಕಾಪಾಡಿತಲ್ಲ! ಆ ರೂಮು ಕೊರೆಯುತ್ತದೆ ಎಂಬ ಮಾತು ಮಾತ್ರ ಅವಳ ತಲೆಗೆ ಹತ್ತಲಿಲ್ಲ. ಲಿಫ್ಟಿನ ಕರೆಗಳನ್ನು ಎತ್ತುವ ಡ್ಯೂಟಿ ಡೆಸ್ಕು ಇದ್ದದ್ದು ನಾಲ್ಕನೆಯ ಮಹಡಿಯಲ್ಲಿ, ತಗಡಿನ ಸೂರಿನ ಕೆಳಗೆ. ಅಲ್ಲಿ ಕೂತವರು ಬೆವರು ಒರೆಸಿಕೊಳ್ಳುವುದರಲ್ಲೇ ಅರ್ಧ ದಿನ ಕಳೆಯುತ್ತಿದ್ದರು.

ಒಂದು ಗುರುವಾರ ಮಧ್ಯಾಹ್ನ ಮ್ಯಾನೇಜರು ಅವಳನ್ನು ಕರೆಸಿದರು. ಅವರು ಕೆಟ್ಟವರಲ್ಲ. ಆದರೆ ಮೇಜಿನ ಮೇಲಿನ ಪೆನ್ನು ಓರೆಯಾಗಿದ್ದರೂ ಯಾರೋ ಕೆಲಸಗಳ್ಳರಿದ್ದಾರೆ ಎಂದು ಅನುಮಾನಿಸುವ ಜಾತಿ.

"ಸ್ಟೋರಿನವನ ಫೋನಿನ ರಿಪೋರ್ಟು ಬೇಕು. ಮೂರು ತಿಂಗಳದ್ದೂ."

"ಸ್ಟೋರಣ್ಣಂದಾ ಸಾರ್? ಯಾಕೆ?"

"ಯಾಕೆ ಅಂದ್ರೆ? ಹೊಸ ಫೋನು ಬಂದಾಗಿಂದ ಅದಕ್ಕೇ ಅಂಟ್ಕೊಂಡಿದ್ದಾನೆ. ಸಾಮಾನು ತಗೊಳ್ಳೋಕೆ ಹುಡುಗರು ಕಿಟಕಿ ಮುಂದೆ ನಿಂತಿದ್ರೆ ಇವನು ಕಿಟಕಿ ಮುಚ್ಕೊಂಡು ಒಳಗೆ ಕತೆ ಹೇಳ್ತಾನೆ, ನಗ್ತಾನೆ. ಮೊನ್ನೆ ಹಾಡ್ತಾ ಇದ್ನಂತೆ! ಐದೂವರೆಗೆ ಮನೆಗೆ ಹೋಗ್ಬೇಕಾದವನು ಏಳರ ತನಕ ಕೂತು ಹರಟ್ತಾನೆ. ಲೆಟರ್ ಟೈಪ್ ಆಗಿದೆ. ರಿಪೋರ್ಟು ಲಗತ್ತಿಸಿದ್ರೆ ಸೋಮವಾರದಿಂದ ಮನೇಲೇ ಹರಟಬಹುದು."

ನಂಬರಕ್ಕನಿಗೆ ಕಸಿವಿಸಿಯಾಯಿತು. ಸ್ಟೋರಣ್ಣ ಇಪ್ಪತ್ತೆರಡು ವರ್ಷದಿಂದ ಆ ನೆಲಮಾಳಿಗೆಯ ಕಿಟಕಿಯ ಹಿಂದೆ ಕೂತವನು, ನಿವೃತ್ತಿಗೆ ಇನ್ನೆರಡೇ ವರ್ಷ ಇದ್ದವನು. ಚೀಟಿ ಇಲ್ಲದೆ ಒಂದು ತಿರುಪು ಮೊಳೆಯನ್ನೂ ಯಾರಿಗೂ ಕೊಟ್ಟವನಲ್ಲ. ಖುದ್ದು ಮಾಲೀಕರೇ ಬಂದು ಬಲ್ಬು ಕೇಳಿದಾಗ "ಚೀಟಿ ಸಾರ್" ಎಂದು ಕೈ ಚಾಚಿದ್ದ ಕತೆ ಆಫೀಸಿನಲ್ಲಿ ಇನ್ನೂ ಓಡಾಡುತ್ತಿತ್ತು. ಅಂಥವನು ಹರಟೆಮಲ್ಲ ಆದನೇ? ಆದರೆ ಅವಳ ಕೆಲಸವೂ ಹಂಗಾಮಿ. ಮೂರು ತಿಂಗಳು ಒಂದೇ ಒಂದು ಕರೆ ತಪ್ಪದಿದ್ದರೆ ಕಾಯಂ ಮಾಡುತ್ತೇನೆಂದು ಮ್ಯಾನೇಜರು ಹೇಳಿದ್ದರು, ಆ ಮೂರು ತಿಂಗಳು ಮುಗಿಯುವುದು ಇದೇ ಸೋಮವಾರ. ಹೇಳಿದ್ದು ಮಾಡೋಣವೆಂದು ತನ್ನ ಜಾಗಕ್ಕೆ ಹೋಗಿ ಸ್ಟೋರಿನ ಎಕ್ಸ್‌ಟೆನ್ಷನ್ 274ರ ಪಟ್ಟಿ ತೆಗೆದಳು.

ಐವತ್ತೆಂಟು ಕರೆ. ಹೊರಗೆ ಹೋದದ್ದು ಒಂದೇ ಒಂದು, ಅವನ ಮನೆಗೆ, ಮೂರು ತಿಂಗಳ ಹಿಂದೆ, ಅರ್ಧ ನಿಮಿಷ. ಉಳಿದ ಐವತ್ತೇಳೂ ಒಳಗೆ ಬಂದವು. ಯಾರು ಇವನಿಗೆ ಇಷ್ಟು ಫೋನು ಮಾಡುವವರು ಎಂದು ನಂಬರುಗಳ ಮೇಲೆ ಬೆರಳಾಡಿಸಿದಳು. ಮೊದಲನೆಯದು ಹಳೇ ಗ್ರಂಥಾಲಯದ ಲಿಫ್ಟು. ಎರಡನೆಯದು ಹೆರಿಗೆ ಆಸ್ಪತ್ರೆಯ ಲಿಫ್ಟು. ಮೂರು, ನಾಲ್ಕು, ಹತ್ತು, ಎಲ್ಲವೂ ಲಿಫ್ಟುಗಳೇ. ಪಟ್ಟಿಯ ನಡುವೆ ಕ್ಲಿನಿಕ್ಕಿನ ಲಿಫ್ಟು ಸಿಕ್ಕಿತು. ಅದೇ ತಾರೀಖು. ಇಪ್ಪತ್ತಾರು ನಿಮಿಷ.

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ, ಮೂರು ವಾರ ನಾಲ್ಕನೆಯ ಮಹಡಿಯಲ್ಲಿ ಹುಡುಕಿದ ಆ ಪುಣ್ಯಾತ್ಮ ನೆಲಮಾಳಿಗೆಯಲ್ಲಿದ್ದ.

ಏನಾಗಿದೆ ಎಂದು ತಿಳಿಯಲು ಅವಳಿಗೆ ಎರಡು ನಿಮಿಷ ಸಾಕಾಯಿತು. ಕಂಪನಿಗೆ ಹೊರಗಿನ ನೂರು ನಂಬರುಗಳಿದ್ದವು. ನಿಯಮ ಸರಳ. ಹೊರಗಿನ ನಂಬರಿನ ಕೊನೆಯ ಎರಡು ಅಂಕಿಯ ಎಡಕ್ಕೆ 2 ಸೇರಿಸಿದರೆ ಒಳಗಿನ ಎಕ್ಸ್‌ಟೆನ್ಷನ್. 36ಕ್ಕೆ ಬಂದ ಕರೆ 236ಕ್ಕೆ, 10ಕ್ಕೆ ಬಂದದ್ದು 210ಕ್ಕೆ, ಅಂದರೆ ಡ್ಯೂಟಿ ಡೆಸ್ಕಿಗೆ. ಒಂದಕ್ಕೆ ಮಾತ್ರ ವಿನಾಯಿತಿ. ನಲವತ್ತು ಹಳೇ ಕಟ್ಟಡಗಳ ಲಿಫ್ಟುಗಳು ಗುಂಡಿ ಒತ್ತಿದರೆ ಇಂದಿಗೂ 74ರ ನಂಬರನ್ನೇ ಕರೆಯುತ್ತವೆ. ಆ 74 ಕೂಡ ಡೆಸ್ಕಿಗೇ ಹೋಗಬೇಕು ಎಂದು ಅವಳು ಒಂದು ಸಾಲು ಬೇರೆಯಾಗಿ ಬರೆದಿದ್ದಳು. ಕಂಪ್ಯೂಟರು ಸಾಲುಗಳನ್ನು ಮೇಲಿನಿಂದ ಕೆಳಗೆ ಓದುತ್ತದೆ. ಹೊಂದುವ ಮೊದಲ ಸಾಲು ಸಿಕ್ಕಿತೋ, ಕರೆಯನ್ನು ಅಲ್ಲಿಗೆ ಕೊಟ್ಟು ಕೈ ತೊಳೆದುಕೊಳ್ಳುತ್ತದೆ. ಹಾಗಾಗಿ ವಿನಾಯಿತಿ ಮೇಲಿರಬೇಕು, ನಿಯಮ ಕೆಳಗಿರಬೇಕು. ಹೊಸ ಫೋನುಗಳ ಪರೀಕ್ಷೆ ನಡೆದ ಶನಿವಾರ ಸ್ಟೋರಿನ ಫೋನೂ ಮೊಳಗುತ್ತದೆಯೇ ನೋಡಲು ಅವಳೇ ಆ ಸಾಲನ್ನು ಕೆಳಗೆ ಇಳಿಸಿದ್ದಳು. ಮತ್ತೆ ಮೇಲೆ ಏರಿಸಿದೆ ಎಂದುಕೊಂಡಿದ್ದಳು. ಏರಿಸಿರಲಿಲ್ಲ. 74ರ ಕರೆಗಳೆಲ್ಲ ನಿಯಮದಂತೆ 274ಕ್ಕೆ, ಸ್ಟೋರಿಗೇ, ಹೋಗುತ್ತಿದ್ದವು.

ಸಂಜೆ ಏಳರ ಮೇಲೆ ಮತ್ತು ರಜೆಯ ದಿನ ಎಲ್ಲ ಕರೆಗಳನ್ನೂ ಕಾವಲು ಕೋಣೆಗೆ ಕಳಿಸುವ ಸಾಲು ಪಟ್ಟಿಯ ನೆತ್ತಿಯಲ್ಲಿ ಭದ್ರವಾಗಿತ್ತು, ಪುಣ್ಯ. ಹಗಲಿನದು ಮಾತ್ರ ಪೂರ್ತಿ ಎಡವಟ್ಟು. ಅವನ ಜಾಗದಲ್ಲಿ ಬೇರೆ ಯಾರಾದರೂ ಇದ್ದು "ರಾಂಗ್ ನಂಬರ್" ಎಂದು ಇಟ್ಟುಬಿಟ್ಟಿದ್ದರೆ? ಕತ್ತಲ ಪೆಟ್ಟಿಗೆಯೊಳಗೆ ಅತ್ತೆಯ ಮುಖ ಕಣ್ಣಿಗೆ ಕಟ್ಟಿತು. ನಂಬರಕ್ಕ ಕುರ್ಚಿಯಲ್ಲೇ ಕೈ ಮುಗಿದಳು, ಪಕ್ಕದ ಮೇಜಿನವಳು ನೋಡಿದರೂ ಕೈ ಇಳಿಸಲಿಲ್ಲ.

ಆಮೇಲೆ ಬಂತು ನೋಡಿ, ಮನಸ್ಸಿನ ಇನ್ನೊಂದು ಮಾತು. ಸಾಲನ್ನು ಈಗಲೇ ಮೇಲೆ ಏರಿಸು, ಒಂದು ಕ್ಷಣದ ಕೆಲಸ, ಯಾರಿಗೂ ಗೊತ್ತಾಗುವುದಿಲ್ಲ. ರಿಪೋರ್ಟಿನಲ್ಲಿ ಬರೀ ನಂಬರುಗಳಿವೆ, ಅವು ಲಿಫ್ಟುಗಳೆಂದು ಮ್ಯಾನೇಜರಿಗೆ ಹೇಗೆ ತಿಳಿಯಬೇಕು? ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಆದರೆ ಮುರಿಯುವುದು ಸ್ಟೋರಣ್ಣನ ಇಪ್ಪತ್ತೆರಡು ವರ್ಷ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಅದೂ ತನ್ನ ಅತ್ತೆಯನ್ನು ಉಳಿಸಿದವನಿಗೆ! ತಾನು ಎಷ್ಟು ಹೊತ್ತು ಹೀಗೆ ಯೋಚಿಸಿದೆ ಎಂದು ಅವಳು ಮುಂದೆ ಯಾರಿಗೂ ಹೇಳಲಿಲ್ಲ. ಹೊತ್ತು ಹಿಡಿದದ್ದಂತೂ ನಿಜ. ಕೊನೆಗೆ ಪೇಪರಿನ ಪೊಟ್ಟಣವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿದಳು.

ನೆಲಮಾಳಿಗೆ ನಿಜಕ್ಕೂ ಕೊರೆಯುತ್ತಿತ್ತು. ಕಬ್ಬಿಣದ ಕಪಾಟುಗಳ ನಡುವೆ ಸ್ಟೋರಣ್ಣ ಸ್ವೆಟರಿನ ಮೇಲೆ ಸ್ವೆಟರು ತೊಟ್ಟು ಬೇರಿಂಗು ಎಣಿಸುತ್ತಿದ್ದ. ಫೋನಿನ ಮೇಲಿನ ಗೋಡೆಗೆ ಒಂದು ಚೀಟಿ ಅಂಟಿಸಿತ್ತು. ಅಕ್ಷರ ಅವಳದೇ.

"ಎಂಟರಿಂದ ಏಳರವರೆಗೆ ಈ ಫೋನಿಗೆ ಬಂದ ಕರೆಯನ್ನು ನೀವೇ ಎತ್ತಿ. ಬೇರೆಯವರಿಗೆ ದಾಟಿಸಬೇಡಿ. ಬಂದದ್ದನ್ನು ಬರೆದಿಡಿ." ಕೆಳಗೆ ಅವಳ ಸಹಿ. ತಾರೀಖಿಲ್ಲ.

ಪರೀಕ್ಷೆಯ ದಿನ ನೂರು ಫೋನಿಗೂ ಅಂಟಿಸಿದ್ದ ಚೀಟಿ ಅದು. ಇವತ್ತೊಂದು ದಿನ ಮಾತ್ರ ಎಂದು ಎಲ್ಲರಿಗೂ ಬಾಯಲ್ಲಿ ಹೇಳಿದ್ದಳು. ಆಗ ಸ್ಟೋರಣ್ಣ ಹಿತ್ತಲಲ್ಲಿ ಗುಜರಿ ತೂಗಿಸುತ್ತಿದ್ದ. ಸೋಮವಾರ ತೊಂಬತ್ತೊಂಬತ್ತು ಚೀಟಿಗಳು ಕಸದ ಬುಟ್ಟಿ ಸೇರಿದವು. ಚೀಟಿಯೇ ದೇವರು ಎಂದು ನಂಬಿದವನ ಗೋಡೆಯಲ್ಲಿ ನೂರನೆಯದು ಉಳಿಯಿತು.

"ಬನ್ನಿ ಅಮ್ಮಾ," ಎಂದ ಸ್ಟೋರಣ್ಣ. "ನೀವು ಕೊಟ್ಟ ಕೆಲಸ ಸರಿಯಾಗಿ ನಡೀತಾ ಇದೆ. ಬೇಕಾದ್ರೆ ಪುಸ್ತಕ ನೋಡಿ."

ಉದ್ದನೆಯ ಗೆರೆಪುಸ್ತಕ. ತಾರೀಖು, ಕಟ್ಟಡ, ಎಷ್ಟು ಜನ, ಎಷ್ಟು ನಿಮಿಷ, ಏನು ಮಾತು. ಗ್ರಂಥಾಲಯ, ಇಬ್ಬರು ಮಕ್ಕಳು, ಒಂಬತ್ತು ನಿಮಿಷ, ಹಾಡು ಕೇಳಿದರು, ಹಾಡಿದೆ. ಬ್ಯಾಂಕು, ಒಬ್ಬರು, ಹನ್ನೆರಡು ನಿಮಿಷ, ಬೈದರು, ಕೇಳಿಸಿಕೊಂಡೆ. ಪುಟ ತಿರುಗಿಸಿದಳು. ಕ್ಲಿನಿಕ್ಕು, ಅಮ್ಮ ಒಬ್ಬರೇ, ಇಪ್ಪತ್ತಾರು ನಿಮಿಷ. ಮಫ್ಲರಿಗೆ ಎರಡು ಉಂಡೆ ಬೇಕಂತೆ. ಅಳು ನಿಂತಿತು.

ನಂಬರಕ್ಕನ ಕಣ್ಣು ಮಂಜಾಯಿತು. "ಅಣ್ಣಾ, ಲಿಫ್ಟಿನ ಕರೆ ಸ್ಟೋರಿಗೆ ಯಾಕೆ ಬರ್ತಿದೆ ಅಂತ ಒಂದು ಸಲಾನೂ ಅನ್ನಿಸಲಿಲ್ವಾ?"

"ಅನ್ನಿಸ್ತು. ಆಮೇಲೆ ಅರ್ಥ ಆಯ್ತು. ಮೆಕ್ಯಾನಿಕ್ಕುಗಳ ರೂಮು ಪಕ್ಕದಲ್ಲೇ ಇದೆ, ಯಾವ ಹಳೇ ಲಿಫ್ಟಿಗೆ ಯಾವ ಸಾಮಾನು ಅಂತ ನನಗೆ ಬಾಯಿಪಾಠ. ಅದಕ್ಕೇ ಹಳೇವನ್ನ ಇವನಿಗೆ ವಹಿಸೋಣ ಅಂತ ನೀವು ಯೋಚನೆ ಮಾಡಿ ಕೊಟ್ಟಿದ್ದೀರಿ. ಅವತ್ತೇ ಮನೆಗೆ ಫೋನ್ ಮಾಡಿ ಹೇಳ್ದೆ, ಇನ್ಮೇಲೆ ಏಳಕ್ಕೆ ಬರ್ತೀನಿ, ಜವಾಬ್ದಾರಿ ಕೊಟ್ಟಿದ್ದಾರೆ ಅಂತ."

ಇಷ್ಟು ದಿನ ಯಾರಿಗೂ ಗೊತ್ತಾಗದೇ ಇದ್ದದ್ದು ಹೇಗೆಂದು ಅವಳಿಗೆ ಈಗ ತಿಳಿಯಿತು. ಡೆಸ್ಕಿನವರೇ ಸ್ಟೋರಿಗೆ ಹೇಳಿದ್ದಾರೆ ಎಂದುಕೊಂಡು ಮೆಕ್ಯಾನಿಕ್ಕುಗಳು ಓಡುತ್ತಿದ್ದರು. ಹೊಸ ಫೋನು ಬಂದ ಮೇಲೆ ಹಳೇ ಲಿಫ್ಟುಗಳೂ ಬುದ್ಧಿ ಕಲಿತವು ಎಂದು ಡೆಸ್ಕಿನವರು ಖುಷಿಪಡುತ್ತಿದ್ದರು.

"ಈ ಪುಸ್ತಕ ಒಂದು ಗಳಿಗೆ ಮೇಲೆ ತಗೊಂಡು ಹೋಗ್ಲಾ?"

"ಚೀಟಿ ಬರೆದುಕೊಟ್ಟು ತಗೊಂಡು ಹೋಗಿ."

ಅಳುವಿನ ನಡುವೆಯೂ ಅವಳಿಗೆ ನಗು ಬಂತು. ಪುಸ್ತಕ ಅಲ್ಲೇ ಬಿಟ್ಟು ಮೇಲೆ ಹೋಗಿ, "ಸಾರ್, ರಿಪೋರ್ಟು ಕೆಳಗಿದೆ. ನೀವೇ ಬಂದು ನೋಡ್ಬೇಕು," ಎಂದಳು. ಟೈಪಾದ ಲೆಟರನ್ನು ಜೇಬಿಗಿಟ್ಟುಕೊಂಡು ಮ್ಯಾನೇಜರು ಹಿಂದೆಯೇ ಬಂದರು.

ಅವರು ಕಿಟಕಿಯ ಮುಂದೆ ನಿಂತು ಗಂಟಲು ಸರಿಮಾಡಿಕೊಳ್ಳುವುದಕ್ಕೂ ಫೋನು ಮೊಳಗುವುದಕ್ಕೂ ಸರಿಹೋಯಿತು. ಸ್ಟೋರಣ್ಣ ಎತ್ತಿದ, ಕೇಳಿದ, ಒಂದು ಚೀಟಿ ಗೀಚಿ ಪಕ್ಕದ ರೂಮಿನ ಕಂಡಿಯಿಂದ ತಳ್ಳಿದ. "ಹೆರಿಗೆ ಆಸ್ಪತ್ರೆ, ಮೂರು ನಾಲ್ಕನೇ ಮಹಡಿ ನಡುವೆ, ಬ್ರೇಕು ನೋಡಿ!" ಹೊರಗೆ ಬೈಕು ಹೊರಟ ಸದ್ದಾಯಿತು. ಮ್ಯಾನೇಜರು ಏನೋ ಹೇಳಲು ಬಾಯಿ ತೆರೆದರು. ಸ್ಟೋರಣ್ಣ ತುಟಿಯ ಮೇಲೆ ಬೆರಳಿಟ್ಟು, ಅವರ ಮುಖದ ಮುಂದೆಯೇ ಕಿಟಕಿ ಎಳೆದುಕೊಂಡ.

ಮುಚ್ಚಿದ ಹಲಗೆಯ ಆಚೆಯಿಂದ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. ಮೊದಲು ಒಬ್ಬ ಗಂಡಸಿನ ಕೂಗಾಟ, ಫೋನಿನಿಂದಾಚೆ ಚೆಲ್ಲುವಷ್ಟು.

"ಬೈರಿ ಸಾರ್, ಪೂರ್ತಿ ಬೈರಿ. ನನಗೇನೂ ಅವಸರ ಇಲ್ಲ. ಹುಡುಗರು ಹೊರಟ್ರು, ಕಾಲು ಗಂಟೆ. ಅಂದ ಹಾಗೆ, ಮಗು ನೋಡೋಕೆ ಹೊರಟಿದ್ರಾ?... ಹೌದಾ! ನಿಮ್ದೇನಾ? ಮೊದಲನೇದಾ? ಹೆಣ್ಣಾ ಗಂಡಾ?... ಹೆಣ್ಣು! ಹೆಸರು ಹುಡುಕಿದ್ದೀರಾ?... ಇಲ್ವಾ? ಅಯ್ಯೋ, ಮತ್ತೆ ಖಾಲಿ ಕೈಲಿ ಹೋಗ್ತೀರಾ? ಬಾಗಿಲು ತೆಗೆಯೋದ್ರೊಳಗೆ ಒಂದು ಹುಡುಕೋಣ. ನಿಮ್ಮ ಹೆಂಡತಿಗೆ ಉದ್ದ ಹೆಸರು ಇಷ್ಟವೋ, ಪುಟ್ಟ ಹೆಸರೋ?"

ಮ್ಯಾನೇಜರು ಹಲಗೆಗೆ ಕಿವಿ ಹತ್ತಿರ ತಂದರು. ನಂಬರಕ್ಕ ಪಿಸುದನಿಯಲ್ಲಿ ಎಲ್ಲ ಹೇಳಿದಳು. ಕೆಳಗೆ ಉಳಿದ ಸಾಲು, ತಾರೀಖಿಲ್ಲದ ಚೀಟಿ, ಲಿಫ್ಟುಗಳ ಐವತ್ತೇಳು ಕರೆ, ಅತ್ತೆ. "ತಪ್ಪು ನನ್ದು ಸಾರ್. ಅವರು ಅದನ್ನ ಹೊತ್ಕೊಂಡು ನಿಭಾಯಿಸಿದ್ರು, ಅಷ್ಟೇ." ಮ್ಯಾನೇಜರು ಅವಳ ಕಡೆ ತಿರುಗಲೇ ಇಲ್ಲ. ಒಳಗೆ ಹೆಸರುಗಳ ಚರ್ಚೆ ಬಿಸಿಯೇರಿತ್ತು. ಹದಿನಾಲ್ಕನೆಯ ನಿಮಿಷಕ್ಕೆ ಫೋನಿನೊಳಗೆ ದಡಬಡ ಸದ್ದಾಯಿತು, ಯಾರೋ ಓಡಿಹೋದ ಹೆಜ್ಜೆಗಳು ಕೇಳಿದವು, ಆಮೇಲೆ ಏನಿಲ್ಲ.

ಕಿಟಕಿ ತೆರೆಯಿತು. "ಕ್ಷಮಿಸಿ ಸಾರ್, ಕಾಯಿಸ್ಬಿಟ್ಟೆ."

"ಥ್ಯಾಂಕ್ಸೂ ಹೇಳ್ದೆ ಓಡಿದ್ನಲ್ಲ ಅವನು!" ಮ್ಯಾನೇಜರಿಗೆ ಸಿಟ್ಟು ಬಂದಿತ್ತು, ಅದೂ ಸ್ಟೋರಣ್ಣನ ಪರವಾಗಿ.

"ಥ್ಯಾಂಕ್ಸ್ ಹೇಳ್ದೆ ಓಡಿದ್ರೆ ಚೆನ್ನಾಗಿದ್ದಾರೆ ಅಂತ ಸಾರ್," ಎಂದು ಸ್ಟೋರಣ್ಣ ಪುಸ್ತಕ ತೆರೆದ. "ಹೆಸರೊಂದು ಸಿಗಲಿಲ್ಲ, ಅದೇ ಬೇಜಾರು."

ಈಗ ಹೇಳದೆ ಗತಿ ಇರಲಿಲ್ಲ. ನಂಬರಕ್ಕ ಅವನ ಮುಂದೆಯೂ ಎಲ್ಲವನ್ನೂ ಹೇಳಿದಳು. ಸ್ಟೋರಣ್ಣ ಗೋಡೆಯ ಚೀಟಿಯನ್ನು ನೋಡಿದ, ಅವಳನ್ನು ನೋಡಿದ. ಪೆನ್ನಿನ ಮುಚ್ಚಳ ನಿಧಾನವಾಗಿ ಹಾಕಿದ.

"ಹಾಗಾದ್ರೆ ಇದು ನನಗೆ ಅಂತ ಕೊಟ್ಟ ಕೆಲಸ ಅಲ್ವಾ ಅಮ್ಮಾ?"

ಮೂರು ತಿಂಗಳ ತಪ್ಪಿಗಿಂತ ಆ ಒಂದು ಪ್ರಶ್ನೆ ಅವಳಿಗೆ ಹೆಚ್ಚು ಚುಚ್ಚಿತು.

"ನಿಲ್ಲಿಸ್ಬೇಕು ಅಂದ್ರೆ ನಿಲ್ಲಿಸ್ತೀನಿ," ಎಂದ ಸ್ಟೋರಣ್ಣ, ದನಿ ಸ್ವಲ್ಪ ಇಳಿದಿತ್ತು. "ಅದಕ್ಕೂ ಒಂದು ಚೀಟಿ ಕೊಡಿ."

ನಂಬರಕ್ಕ ಚೀಟಿಯ ಪ್ಯಾಡು ಎಳೆದುಕೊಂಡಳು. ಮ್ಯಾನೇಜರ ಮುಖ ನೋಡಿದಳು. ಅವರು ಜೇಬಿನಿಂದ ಟೈಪಾದ ಲೆಟರು ತೆಗೆದು ನಾಲ್ಕು ಮಡಿಕೆ ಮಾಡಿ, ಅಲುಗುತ್ತಿದ್ದ ಮೇಜಿನ ಕಾಲಿನ ಕೆಳಗೆ ಬಗ್ಗಿ ಸಿಕ್ಕಿಸುತ್ತಿದ್ದರು. ಎದ್ದು ನಿಂತು, "ಡೆಸ್ಕಿನವರು ಎಲ್ಲ ಸಲಾನೂ ಎತ್ತುತ್ತಾರೆ ಅಂತ ಏನು ಗ್ಯಾರಂಟಿ?" ಎಂದರು. ಅಷ್ಟು ಸಾಕಿತ್ತು. ಅವಳು ಬರೆದಳು.

"74ಕ್ಕೆ ಬಂದ ಕರೆ ಮೊದಲು ಡ್ಯೂಟಿ ಡೆಸ್ಕಿಗೆ. ಅವರು ನಾಲ್ಕು ರಿಂಗಿನೊಳಗೆ ಎತ್ತದಿದ್ದರೆ ಸ್ಟೋರಿಗೆ. ಬಂದ ಕರೆಯನ್ನು ನೀವೇ ಎತ್ತಿ. ಬೇರೆಯವರಿಗೆ ದಾಟಿಸಬೇಡಿ. ಬಂದದ್ದನ್ನು ಬರೆದಿಡಿ. ಡೆಸ್ಕಿನವರಿಗೂ ಹೀಗೆ ಮಾತಾಡುವುದನ್ನು ವಾರಕ್ಕೊಂದು ದಿನ ಕಲಿಸಿ."

ಈ ಸಲ ತಾರೀಖು ಹಾಕಿದಳು. ಮ್ಯಾನೇಜರೂ ಸಹಿ ಮಾಡಿದರು. ಸಹಿ ಮಾಡುತ್ತಲೇ, "ನಿಮ್ಮ ಕಾಯಂ ಇನ್ನೂ ಮೂರು ತಿಂಗಳು ಮುಂದಕ್ಕೆ," ಎಂದು ಅವಳಿಗೆ ಹೇಳಿದರು. ಅವಳಿಗೆ ಅದು ಶಿಕ್ಷೆ ಎನಿಸಲೇ ಇಲ್ಲ. ಉಳಿದುಕೊಂಡೆನಲ್ಲ ಎಂದುಕೊಂಡಳು.

ಸ್ಟೋರಣ್ಣ ಹೊಸ ಚೀಟಿಯನ್ನು ಎರಡು ಸಲ ಓದಿದ. ಹಳೆಯದನ್ನು ಹರಿಯದಂತೆ ಬಿಡಿಸಿ ಫೈಲಿಗೆ ಹಾಕಿ, ಅದೇ ಜಾಗದಲ್ಲಿ ಹೊಸದನ್ನು ಅಂಟಿಸಿ, ಅಂಗೈಯಿಂದ ಒತ್ತಿದ. ಮುಖ ಮತ್ತೆ ಮೊದಲಿನಂತಾಗಿತ್ತು.

ಆಗ ನಂಬರಕ್ಕ ಪೇಪರಿನ ಪೊಟ್ಟಣ ಬಿಚ್ಚಿ ಕಿಟಕಿಯ ಮೇಲಿಟ್ಟಳು. "ಕ್ಲಿನಿಕ್ಕಿನ ಲಿಫ್ಟಿನ ಅಮ್ಮ ಕಳಿಸಿದ್ದು ಅಣ್ಣಾ. ಅವರು ನಮ್ಮತ್ತೆ. ಎರಡೇ ಉಂಡೆ ಹಿಡೀತು ಅಂತ ಹೇಳು ಅಂದ್ರು."

ಸ್ಟೋರಣ್ಣ ಮಫ್ಲರನ್ನು ಮುಟ್ಟಿದವನೇ ಕೈ ಹಿಂದಕ್ಕೆ ತೆಗೆದ. ಒಳಬಂದ ಸಾಮಾನಿನ ರಿಜಿಸ್ಟರು ತೆರೆದು, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ಮುತ್ತಿನಂಥ ಅಕ್ಷರದಲ್ಲಿ ಬರೆಯತೊಡಗಿದ. ಮಫ್ಲರು, ಒಂದು, ಹಸಿರು. ಬಂದದ್ದು, ಅಮ್ಮನಿಂದ. ಕೊನೆಯ ಅಂಕಣ, ಯಾರಿಗೆ ಕೊಡಲಾಯಿತು ಎಂಬುದು. ಇಪ್ಪತ್ತೆರಡು ವರ್ಷದಲ್ಲಿ ಆ ಅಂಕಣದಲ್ಲಿ ಅವನು ತನ್ನ ಹೆಸರು ಬರೆದವನಲ್ಲ. ಪೆನ್ನು ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ಬರೆದ. ಮಫ್ಲರು ತೆಗೆದು ಕುತ್ತಿಗೆಗೆ ಎರಡು ಸುತ್ತು ಸುತ್ತಿಕೊಂಡ.

"ಮಫ್ಲರಿಗೆ ಒಂದು ಚೀಟಿ ಬಾಕಿ ಇದೆ ಅಮ್ಮಾ," ಎಂದ, ಕಣ್ಣು ಒರೆಸಿಕೊಳ್ಳುತ್ತ. "ಆದ್ರೆ ಇದಕ್ಕೆ ಬೇಡ ಬಿಡಿ."